ಪೆಟ್ರೋಲ್ ಕಳ್ಳ ಅವನಲ್ಲ

1/8

ಹೋದ ಕಾರ್ತಿಕ ಮಾಸದಲ್ಲಿ ನಾನೊಂದು ಸ್ಟೋರಿ ಹಾಕಿದ್ದೆ, ನೆನಪಿದ್ಯಾ? ಸಿಸಿಟಿವಿ ಸ್ಕ್ರೀನ್‌ಶಾಟ್. ಬೈಕ್ ಪಕ್ಕ ಕುಕ್ಕರಗಾಲಲ್ಲಿ ಕೂತಿರೋ ಒಬ್ಬ ಹುಡುಗ, ಅವನ ತಲೆ ಸುತ್ತ ಕೆಂಪು ರೌಂಡ್. ಮೇಲೆ ದಪ್ಪ ಅಕ್ಷರದಲ್ಲಿ "ನಮ್ಮ ಏರಿಯಾ ಪೆಟ್ರೋಲ್ ಕಳ್ಳ ಸಿಕ್ಕಿದ, ಶೇರ್ ಮಾಡಿ" ಅಂತ ಬರೆದಿದ್ದೆ.

ನೀವು ಮಾಡಿದ್ರಿ. ನನ್ನ ಫೋಟೋಗೆ ಮೂವತ್ತು ಲೈಕ್ ಬಂದ್ರೆ ಅದೇ ದೊಡ್ಡದು. ಅವತ್ತು ಒಂದೇ ರಾತ್ರಿಗೆ 94 ಶೇರ್. "ಇಂಥವರನ್ನ ಕಂಬಕ್ಕೆ ಕಟ್ಟಬೇಕು" ಅಂತ ನಮ್ಮ ಕ್ಲಾಸಿನವರೇ ಬರೆದ್ರಿ. ನಾನು ಅದಕ್ಕೆ ಹಾರ್ಟ್ ಒತ್ತಿದೆ.

ಅವನು ಕಳ್ಳ ಅಲ್ಲ. ಇದನ್ನ ಹೇಳೋಕೇ ಈ ಎಂಟು ಪೋಸ್ಟ್. ಸ್ಟೋರಿ ಹಾಕಿದ್ರೆ 24 ಗಂಟೆಗೆ ಹೋಗಿಬಿಡುತ್ತೆ, ಇದು ಹೋಗಬಾರದು. ಉದ್ದ ಇದೆ, ದಯವಿಟ್ಟು ಕೊನೇವರೆಗೂ ಓದಿ.

2/8

ಈ ಫೋಟೋದಲ್ಲಿರೋದು ಅಪ್ಪನ ಸ್ಪ್ಲೆಂಡರ್. ನನಗಿಂತ ಎರಡು ವರ್ಷ ಚಿಕ್ಕದು. ಅಪ್ಪ-ಅವ್ವಂದು ಹೂವಿನ ವ್ಯಾಪಾರ ಅಂತ ನಿಮಗೆ ಗೊತ್ತು. ಬೆಳಗಿನ ಜಾವ ನಾಲ್ಕೂವರೆಗೆ ಅಪ್ಪ ಬೈಕ್ ತೆಗೆದ್ರೆ, ಐದರೊಳಗೆ ದಾವಣಗೆರೆ ಹೂವಿನ ಮಾರ್ಕೆಟ್‌ನಲ್ಲಿರಬೇಕು. ಮೊದಲು ಹೋದವರಿಗೆ ಒಳ್ಳೇ ಸೇವಂತಿಗೆ, ತಡವಾದವರಿಗೆ ಬಾಡಿದ್ದು. ಕಾರ್ತಿಕದಲ್ಲಂತೂ ದಿನಾ ದೀಪ, ದಿನಾ ಪೂಜೆ. ನಮಗೆ ಅದು ದುಡಿಯೋ ತಿಂಗಳು.

ದೀಪಾವಳಿ ಆದ ವಾರ ಅಪ್ಪ, "ಯಾಕೋ ಗಾಡಿ ಮೈಲೇಜ್ ಬಿದ್ದೋಗೈತಿ" ಅಂದ್ರು. 500 ರೂಪಾಯಿ ಪೆಟ್ರೋಲ್ ಹಾಕಿಸಿದ್ರೆ 250 ಕಿಲೋಮೀಟರ್ ಓಡ್ತಿದ್ದ ಗಾಡಿ, 160ಕ್ಕೇ ಖಾಲಿ. ಮೆಕ್ಯಾನಿಕ್ ಹತ್ರ ಹೋಗಿ ಕಾರ್ಬೊರೇಟರ್ ಕ್ಲೀನ್ ಮಾಡಿಸಿದ್ರು, 350 ಹೋಯ್ತು. ಮತ್ತೆ ಅದೇ ಕಥೆ.

ಕಾಸ್ಟಿಂಗ್‌ನಲ್ಲಿ ನಾರ್ಮಲ್ ಲಾಸ್, ಅಬ್ನಾರ್ಮಲ್ ಲಾಸ್ ಓದಿದ್ವಲ್ಲ? ಆವಿಯಾಗಿ ಹೋಗೋದು ನಾರ್ಮಲ್, ಕಳ್ಳತನ ಅಬ್ನಾರ್ಮಲ್. ಪರೀಕ್ಷೇಲಿ ಕಣ್ಮುಚ್ಚಿ ಬರೀತೀವಿ. ಮನೇಲಿ ಮಾತ್ರ ನಾವು ಹದಿನೈದು ದಿನ ಅದನ್ನ ನಾರ್ಮಲ್ ಲಾಸ್ ಅಂತಾನೇ ನಂಬಿದ್ವಿ.

3/8

ಗೊತ್ತಾಗಿದ್ದು ಹೀಗೆ. ಒಂದಿನ ಅರ್ಧ ದಾರೀಲಿ ಗಾಡಿ ನಿಂತಿದೆ. ಅಪ್ಪ ರಿಸರ್ವ್‌ಗೆ ತಿರುಗಿಸಿದ್ದಾರೆ, ಅದರಲ್ಲೂ ಏನಿಲ್ಲ. ಆ ಹೊತ್ತಲ್ಲಿ ಹತ್ತಿರದ ಬಂಕ್ ತೆರೆದಿರಲಿಲ್ಲ. ಎರಡು ಕಿಲೋಮೀಟರ್ ತಳ್ಳಿಕೊಂಡು ಹೋದ್ರಂತೆ. ಮಾರ್ಕೆಟ್ ಮುಟ್ಟೋ ಹೊತ್ತಿಗೆ ಆರು ಗಂಟೆ. ಅವತ್ತು ಅವ್ವ ಕಟ್ಟಿದ ಹೂವಿನಲ್ಲಿ ಅರ್ಧ ಸಂಜೆಗೆ ಉಳಿದುಹೋಯ್ತು.

ಮಧ್ಯಾಹ್ನ ಅಪ್ಪ ಗಾಡಿ ಪಕ್ಕ ಕೂತು ನೋಡಿದಾಗ, ಟ್ಯಾಂಕ್ ಕೆಳಗೆ ಎಡಗಡೆ ಕಾಕ್ ಇದ್ಯಲ್ಲ, ಅಲ್ಲಿಂದ ಕಾರ್ಬೊರೇಟರ್‌ಗೆ ಹೋಗೋ ಪೈಪಿನ ಕ್ಲಿಪ್ ಇರಲಿಲ್ಲ. ಯಾರೋ ಪೈಪ್ ಕಿತ್ತು, ಆಮೇಲೆ ಸಿಕ್ಕಿಸಿ ಹೋಗಿದ್ರು. ಅದೂ ಅರೆಬರೆ. ಕೈಯಿಟ್ರೆ ಒದ್ದೆ.

ಇಲ್ಲೊಂದು ವಿಷಯ. ಪೆಟ್ರೋಲ್ ಹೋಗಿದ್ದಕ್ಕಿಂತ ಇದು ದೊಡ್ಡ ಅಪಾಯ. ಸಡಿಲ ಪೈಪಿನಿಂದ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದ್ರೆ ಬೆಂಕಿ ಹತ್ತಬಹುದು. ಆ ಪೈಪಿನಲ್ಲೇ ಅಪ್ಪ ಎಷ್ಟು ದಿನ ಓಡಿಸಿದ್ರೋ ಏನೋ. ಅದನ್ನ ನೆನೆಸಿಕೊಂಡ್ರೆ ನನಗೆ ಈಗ್ಲೂ ಹೊಟ್ಟೆ ತೊಳಸುತ್ತೆ. ಆಗ ಮಾತ್ರ ಬರೀ ಸಿಟ್ಟು ಬಂತು.

ಲೆಕ್ಕ ಹಾಕಿದೆ: ನಾಲ್ಕು ಸಲ, ಸುಮಾರು ಏಳು ಲೀಟರ್. ಲೀಟರಿಗೆ 100ರ ಮೇಲಿದೆ, ಅಂದ್ರೆ 700 ರೂಪಾಯಿಗೂ ಹೆಚ್ಚು. ಮೆಕ್ಯಾನಿಕ್‌ಗೆ ಕೊಟ್ಟಿದ್ದು, ಮಾರದ ಹೂವು ಎಲ್ಲ ಸೇರಿ ಎರಡು ಸಾವಿರದ ಹತ್ರ. ನಿಮಗೆ ಕಮ್ಮಿ ಅನ್ನಿಸಬಹುದು. ನಮ್ಮನೇಲಿ ಅದು ಗ್ಯಾಸ್ ಸಿಲಿಂಡರ್ ಮತ್ತು ಕರೆಂಟ್ ಬಿಲ್.

4/8

ನಾಲ್ಕನೇ ಸಲ ಗಾಡಿ ಮನೆ ಮುಂದೆಯೇ ಸ್ಟಾರ್ಟ್ ಆಗಲಿಲ್ಲ. ಅಪ್ಪ ಕಿಕ್ ಹೊಡೆದೂ ಹೊಡೆದೂ ಸುಸ್ತಾಗಿ, ಅದನ್ನ ಅಲ್ಲೇ ಬಿಟ್ಟು, ಇನ್ನೊಬ್ಬ ಹೂವಿನವರ ಗಾಡೀಲಿ ಹೋದ್ರು.

ನಾನು ಎದುರುಮನೆ ಆಂಟಿ ಹತ್ರ ಓಡಿದೆ, ಅವರ ಗೇಟಿಗೆ ಕ್ಯಾಮೆರಾ ಇದೆ. ಅವರ ಮಗ ಒಂದು ಕ್ಲಿಪ್ ಕಳಿಸಿ "ಇವ್ನೇ ನೋಡು" ಅಂದ. ಹದಿನೇಳು ಸೆಕೆಂಡ್. ಒಬ್ಬ ಹುಡುಗ ನಮ್ಮ ಬೈಕಿನ ಪಕ್ಕ ಕೂರ್ತಾನೆ, ಕೈ ಏನೋ ಆಡಿಸ್ತಾನೆ, ಎದ್ದು ಹೋಗ್ತಾನೆ. ನನಗೆ ಇನ್ನೇನು ಬೇಕಿತ್ತು ಹೇಳಿ?

ಸ್ಕ್ರೀನ್‌ಶಾಟ್ ತೆಗೆದೆ. ಸ್ಟೋರಿ ಸೈಜಿಗೆ ಕ್ರಾಪ್ ಮಾಡಿದೆ. ರೌಂಡ್ ಹಾಕಿದೆ. ಅಪ್ಪಂಗೆ ಹೇಳಲಿಲ್ಲ, ಪೊಲೀಸ್‌ಗೆ ಹೇಳಲಿಲ್ಲ, ಮೊದಲು ನಿಮಗೆ ಹೇಳಿದೆ. ನಿಜ ಹೇಳ್ಬೇಕಂದ್ರೆ ಶೇರ್ ನಂಬರ್ ಏರ್ತಾ ಇದ್ದಾಗ ನನಗೆ ಖುಷಿಯಾಗ್ತಿತ್ತು. ಅಪ್ಪ ಗಾಡಿ ತಳ್ಳಿದ್ದಕ್ಕೆ ನಾನು ಏನೋ ತಿರುಗಿಸಿ ಕೊಟ್ಟೆ ಅನ್ನೋ ಥರ.

5/8

ಎಂಟು ದಿನ ಆದ್ಮೇಲೆ ಮಾರ್ಕೆಟ್‌ನಲ್ಲಿ ಯಾರೋ ಅಪ್ಪಂಗೆ ವಾಟ್ಸಾಪ್‌ನಲ್ಲಿ ಅದೇ ಫೋಟೋ ತೋರಿಸಿ, "ಇದು ನಿನ್ನ ಗಾಡಿ ಅಲ್ಲೇನೋ?" ಅಂದಿದ್ದಾರೆ. ಅಪ್ಪ ಮನೆಗೆ ಬಂದು ಬೈಲಿಲ್ಲ. ಒಂದೇ ಮಾತು ಕೇಳಿದ್ರು: "ಇದು ಎಷ್ಟೊತ್ತಿಂದವ್ವಾ?"

ಮೂಲ ಕ್ಲಿಪ್ ತೆಗೆದು ನೋಡಿದೆ. ಮೂಲೇಲಿ ಟೈಮ್ ಇತ್ತು. 05:20.

"ನಾನು ನಾಲ್ಕೂವರೆಗೇ ಕಿಕ್ ಹೊಡೆದು ಸಾಕಾದೆ. ಐದೂ ಇಪ್ಪತ್ತಕ್ಕೆ ಬಂದೋನು ಏನು ಕದಿಯಾಕ್ಕಾಗುತ್ತೆ? ಖಾಲಿ ಟ್ಯಾಂಕಾ?"

ಆ ಟೈಮ್ ನಾನು ಕ್ರಾಪ್ ಮಾಡಿ ತೆಗೆದ ಜಾಗದಲ್ಲೇ ಇತ್ತು. ಬೇಕಂತ ತೆಗೆದಿದ್ದಲ್ಲ. ಆದ್ರೆ ನೋಡಿಯೂ ಇರಲಿಲ್ಲ.

ಮತ್ತೆ ಆಂಟಿ ಮನೆಗೆ ಹೋಗಿ ರಾತ್ರಿಯದ್ದೆಲ್ಲ ನೋಡಿದೆ. ನಮ್ಮ ರಸ್ತೆಯ ಬೀದಿದೀಪ ಕೆಟ್ಟು ತಿಂಗಳಾಗಿತ್ತು, ಇಡೀ ರಾತ್ರಿ ಬರೀ ಕಪ್ಪು. ಆಂಟಿ ಐದು ಗಂಟೆಗೆ ಎದ್ದು ಅಂಗಳದ ಲೈಟ್ ಹಾಕ್ತಾರೆ. ಅಲ್ಲಿಂದ ಮಾತ್ರ ಕಾಣುತ್ತೆ. ಕದ್ದವನು ಕತ್ತಲಲ್ಲಿ ಬಂದು ಹೋಗಿದ್ದ. ಬೆಳಕಿನಲ್ಲಿ ಬಂದವನು ಸಿಕ್ಕಿಬಿದ್ದ.

6/8

ಅವನು ನಮ್ಮ ರಸ್ತೆಗೆ ಪೇಪರ್ ಹಾಕೋ ಹುಡುಗ. ಫಸ್ಟ್ ಪಿಯು. ಸೈಕಲ್ ಚೈನ್ ಬಿದ್ದಿತ್ತಂತೆ, ನಮ್ಮ ಬೈಕಿನ ಆ ಕಡೆ ನಿಲ್ಲಿಸಿ ಹಾಕ್ಕೊಳ್ತಿದ್ದ. ಸೈಕಲ್ ಕ್ಯಾಮೆರಾಗೆ ಕಂಡಿಲ್ಲ. ಚಪ್ಪಲಿ ಹಾಕೋ ಮುಂಚೆ ನಾನು ದಿನಾ ಎತ್ತಿಕೊಳ್ಳೋ ಪೇಪರ್ ಅವನೇ ಎಸೆದಿದ್ದು, ಆದ್ರೆ ಮುಖ ಒಂದಿನವೂ ನೋಡಿರಲಿಲ್ಲ.

ನನ್ನ ಸ್ಟೋರಿ ಬಂದ ಮೂರನೇ ದಿನಕ್ಕೆ ಏಜೆಂಟರು ಅವನನ್ನ ಲೈನಿಂದ ತೆಗೆದಿದ್ರು. ನಾಲ್ಕೈದು ಮನೆಯವರು ಫೋನ್ ಮಾಡಿ "ಆ ಹುಡುಗ ಗೇಟ್ ಹತ್ರ ಬರಬಾರದು" ಅಂದಿದ್ರಂತೆ. ತಿಂಗಳಿಗೆ 1,800 ರೂಪಾಯಿ ಅವನಿಗೆ ಸಿಗ್ತಿತ್ತು.

ಮಾರನೇ ದಿನ ಅಪ್ಪನ ಗಾಡಿ ಹಿಂದೆ ಕೂತು, ಪೇಪರ್ ಹಂಚೋ ಜಾಗಕ್ಕೆ ಹೋದೆ. ಲೈನ್ ಇಲ್ಲದಿದ್ರೂ ಅವನು ಅಲ್ಲಿಗೆ ಬಂದು, ಬೇರೆಯವರಿಗೆ ಪೇಪರ್ ಒಳಗೆ ಪಾಂಪ್ಲೆಟ್ ಸೇರಿಸಿ ಕೊಡ್ತಿದ್ದ. ನಾನು ಸಾರಿ ಅಂದೆ, ಡಿಲೀಟ್ ಮಾಡಿದೀನಿ ಅಂದೆ. ಅವನು ಕೈ ನಿಲ್ಲಿಸಲೂ ಇಲ್ಲ.

"ನೀವು ಡಿಲೀಟ್ ಮಾಡಿದ್ರಿ ಅಕ್ಕ. ನಮ್ಮ ಓಣಿ ಗ್ರೂಪ್‌ನಾಗೆ ಇನ್ನೂ ಐತಿ. ನಮ್ಮವ್ವ ನಲ್ಲಿ ನೀರಿಗೆ ಹೋಗಾಕೂ ಒಲ್ಲೆ ಅಂತಾಳೆ."

ಅಪ್ಪ ಜೇಬಿಂದ ದುಡ್ಡು ತೆಗೆದ್ರು. "ದುಡ್ಡು ಬ್ಯಾಡ್ರಿ ಅಣ್ಣ. ಅಕ್ಕ ಎಲ್ಲಿ ಹಾಕಿದ್ರೋ ಅಲ್ಲೇ ಹೇಳಾಕೆ ಹೇಳ್ರಿ."

ಅಷ್ಟೇ ಅವನು ಕೇಳಿದ್ದು. ಅದಕ್ಕೆ ನಾನು ಮೂರು ತಿಂಗಳು ತಗೊಂಡೆ. ಎಕ್ಸಾಂ ಇದೆ ಅಂದೆ, ಇಂಟರ್ನಲ್ಸ್ ಅಂದೆ. ಸುಳ್ಳು. ನೀವೆಲ್ಲ ಏನಂತೀರೋ ಅನ್ನೋ ಭಯ ಇತ್ತು.

ಅಪ್ಪ ಸುಮ್ಮನಿರಲಿಲ್ಲ. ನನ್ನನ್ನ ಕರ್ಕೊಂಡು ಮನೆಮನೆಗೆ ಹೋದ್ರು. ಪ್ರತಿ ಗೇಟಿನಲ್ಲೂ ನನ್ನ ಬಾಯಲ್ಲೇ ಹೇಳಿಸಿದ್ರು. ಕೆಲವರು "ಅಯ್ಯೋ ಪಾಪ" ಅಂದ್ರು, ಕೆಲವರು "ಯಾರಿಗ್ಗೊತ್ತು ಬಿಡಮ್ಮ" ಅಂತ ಬಾಗಿಲು ಹಾಕಿದ್ರು. ಈಗ ಅವನಿಗೆ ಅರ್ಧ ಲೈನ್ ವಾಪಸ್ ಸಿಕ್ಕಿದೆ. ಇನ್ನರ್ಧ ಸಿಕ್ಕಿಲ್ಲ.

7/8

ಇನ್ನು ಕಾನೂನು. ನಾವು ಬಿಕಾಂನವರು, ಅಷ್ಟಾದ್ರೂ ಗೊತ್ತಿರಬೇಕು ಅಂತ ಕೂತು ಓದಿದೆ.

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳ್ಳತನ ಅದರ 303ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು ಆಗಬಹುದು. ಆದ್ರೆ ಕದ್ದ ಮಾಲು 5,000 ರೂಪಾಯಿಗಿಂತ ಕಮ್ಮಿ ಇದ್ದು, ಅದು ಮೊದಲ ಸಲದ ತಪ್ಪಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ರೆ ಶಿಕ್ಷೆ ಸಮುದಾಯ ಸೇವೆ. ಎರಡು ಲೀಟರ್ ಪೆಟ್ರೋಲ್ ಕದ್ದವನು ಮೊದಲ ಸಲ ಸಿಕ್ಕಿಬಿದ್ರೆ ಸಾಮಾನ್ಯವಾಗಿ ಇದೇ ಲೆಕ್ಕಕ್ಕೆ ಬರ್ತಾನೆ.

ಒಬ್ಬರ ಮಾನ ಕಳೆಯೋದು 356ನೇ ಸೆಕ್ಷನ್. ಎರಡು ವರ್ಷದವರೆಗೆ ಸಾದಾ ಜೈಲು, ಅಥವಾ ದಂಡ, ಅಥವಾ ಎರಡೂ, ಅಥವಾ ಸಮುದಾಯ ಸೇವೆ. ಅಂದ್ರೆ ಕಳ್ಳನ ಪುಸ್ತಕದಲ್ಲೇ ನನಗೂ ಒಂದು ಪುಟ ಇದೆ. ಶೇರ್ ಮಾಡಿದವರೂ ಈ ಸೆಕ್ಷನ್ ಒಂದ್ಸಲ ಓದಿಕೊಳ್ಳಿ.

ಹಾಗಂತ ಕದ್ರೆ ಸುಮ್ಮನಿರಿ ಅಂತಲ್ಲ. ಫೂಟೇಜ್ ಇದ್ರೆ ಟೈಮ್ ಸಮೇತ, ಕತ್ತರಿಸದೆ ಠಾಣೆಗೆ ಕೊಡಿ. ಯಾರಾದ್ರೂ ಕದೀತಾ ಇರೋದು ಕಣ್ಣೆದುರೇ ಕಂಡ್ರೆ 112ಕ್ಕೆ ಫೋನ್ ಮಾಡಿ. ಗುಂಪು ಕಟ್ಟಿಕೊಂಡು ಹೊಡೆಯೋಕೆ ಹೋಗ್ಬೇಡಿ.

8/8

ನಮ್ಮ ಗಾಡಿಗೆ ಏನು ಮಾಡಿದ್ವಿ ಅಂತ ಕೇಳ್ತಿದ್ರಲ್ಲ, ಇಲ್ಲಿದೆ. ಸೇವ್ ಮಾಡ್ಕೊಳ್ಳಿ.

• ಕಾಕ್‌ಗೆ ಬೀಗ. ಆಟೋಮೊಬೈಲ್ ಅಂಗಡೀಲಿ ಕೀ ಇರೋ ಕಾಕ್ ಸಿಗುತ್ತೆ. ಬರೀ ಆಫ್ ಮಾಡಿದ್ರೆ ಸಾಲದು, ಕಳ್ಳನಿಗೂ ತಿರುಗಿಸೋಕೆ ಬರುತ್ತೆ.

• ಕಾಕ್ ಇರೋ ಕಡೆ ಗೋಡೆಗೆ ಒತ್ತಿ ನಿಲ್ಲಿಸಿ, ಕೈ ಹೋಗದ ಹಾಗೆ.

• ದಿನಾ ಹೊರಡೋ ಮುಂಚೆ ಬಗ್ಗಿ ಪೈಪ್, ಕ್ಲಿಪ್ ನೋಡಿ. ಪೆಟ್ರೋಲ್ ವಾಸನೆ ಬಂದ್ರೆ ಸ್ಟಾರ್ಟ್ ಮಾಡ್ಬೇಡಿ. ಅದರ ಆವಿ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತೆ.

• ರಾತ್ರಿ ಹೊರಗೆ ನಿಲ್ಲೋ ಗಾಡಿಗೆ ಫುಲ್ ಟ್ಯಾಂಕ್ ಬೇಡ. ಆದ್ರೆ 2020ರ ಏಪ್ರಿಲ್ ಆದ್ಮೇಲೆ ಬಂದ ಬಿಎಸ್6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಪಂಪ್ ಟ್ಯಾಂಕಿನ ಒಳಗೇ ಇರುತ್ತೆ. ಅದನ್ನ ತಣ್ಣಗಿಡೋದೂ ಪೆಟ್ರೋಲೇ, ಹಾಗಾಗಿ ಪೂರ್ತಿ ಖಾಲಿಯಾಗೋವರೆಗೂ ಓಡಿಸ್ಬೇಡಿ.

• ಫ್ರೆಂಡ್ ಗಾಡಿಯಿಂದ ತೆಗೆಯೋವಾಗ್ಲೂ ಬಾಯಲ್ಲಿ ಎಳೀಬೇಡಿ. ನುಂಗಿದ್ರೆ ವಾಂತಿ ಮಾಡಿಸ್ಬೇಡಿ, ಶ್ವಾಸಕೋಶಕ್ಕೆ ಇಳಿದ್ರೆ ಇನ್ನೂ ಕಷ್ಟ. ನೇರ ಆಸ್ಪತ್ರೆಗೆ ಹೋಗಿ.

• ಬೀದಿದೀಪ. ಅಪ್ಪ ಎರಡು ಸಲ ಪಾಲಿಕೆಗೆ ಅರ್ಜಿ ಕೊಟ್ಟು ಹಾಕಿಸಿದ್ರು. ಬೀಗ, ದೀಪ ಎರಡೂ ಆದ್ಮೇಲೆ ಮತ್ತೆ ಕಳ್ಳತನ ಆಗಿಲ್ಲ. ಕಳ್ಳ ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಕೊನೇದಾಗಿ, ನಿಮ್ಮ ಹತ್ರ ಒಂದು ಕೆಲಸ ಇದೆ. ಆ ಸ್ಕ್ರೀನ್‌ಶಾಟ್ ಯಾರ ಗ್ಯಾಲರಿಯಲ್ಲಿ, ಯಾವ ಗ್ರೂಪಿನಲ್ಲಿ ಇದ್ರೂ ಡಿಲೀಟ್ ಮಾಡಿ. ನೀವು ಯಾರಿಗೆ ಕಳಿಸಿದ್ರೋ ಅವರಿಗೇ ಈ ಮೊದಲ ಪೋಸ್ಟ್ ಕಳಿಸಿ. ಅವನ ಹೆಸರು ಕೇಳ್ಬೇಡಿ. "ಹೆಸ್ರು ಬ್ಯಾಡ, ಫೋಟೋ ಬ್ಯಾಡ" ಅಂತ ಹೇಳಿಯೇ ಅವನು ಬರೆಯೋಕೆ ಒಪ್ಪಿದ್ದು.

ಇವತ್ತು ಬೆಳಿಗ್ಗೆ ಪೋಸ್ಟ್ ಹಾಕೋ ಮುಂಚೆ ಪೂರ್ತಿ ಅವನಿಗೆ ಓದಿ ತೋರಿಸಿದೆ. ಎಲ್ಲ ಕೇಳಿ, "ಚೈನ್ ಬಿದ್ದಿದ್ದು ಹಾಕಿದ್ರಲ್ಲ, ಸಾಕು ಬಿಡ್ರಿ" ಅಂದ. ಆಮೇಲೆ ಸೈಕಲ್ ಹತ್ತಿ ಹೋದ. ಕ್ಷಮಿಸಿದೀನಿ ಅಂತ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವತ್ತು 94 ಶೇರ್ ಆಗಿತ್ತು. ಇವತ್ತು ಎಷ್ಟಾಗುತ್ತೆ ಅಂತ ನಾನೂ ನೋಡ್ತೀನಿ, ಅವನೂ ನೋಡ್ತಾನೆ.

#ಪೆಟ್ರೋಲ್ಕಳ್ಳತನ #ದಾವಣಗೆರೆ #ನನ್ನತಪ್ಪು #ಶೇರ್ಮಾಡೋಮುಂಚೆ