ನೀರಿಲ್ಲದ ನೀರಿನ ಗೋಪುರ

ಷಿಕಾಗೋ ಎಂದೊಡನೆ ನಮ್ಮವರಿಗೆ ನೆನಪಾಗುವುದು ಸ್ವಾಮಿ ವಿವೇಕಾನಂದರು ಮಾತನಾಡಿದ 1893ರ ಸರ್ವಧರ್ಮ ಸಮ್ಮೇಳನ. ಅದಕ್ಕೆ ಇಪ್ಪತ್ತೆರಡು ವರ್ಷ ಮೊದಲು ಅದೇ ನಗರದ ಹೃದಯಭಾಗ ಉರಿದು ಬೂದಿಯಾಗಿತ್ತೆಂಬುದನ್ನು ಬಲ್ಲವರು ಕಡಿಮೆ. ಆ ಉರಿಯ ಸಾಕ್ಷಿಯೊಂದು ಮಿಷಿಗನ್ ಅವೆನ್ಯೂವಿನಲ್ಲಿ ಇಂದಿಗೂ ನಿಂತಿದೆ. ಅದೇ 154 ಅಡಿ ಎತ್ತರದ ನೀರಿನ ಗೋಪುರ.

1869ರಲ್ಲಿ ಹಳದಿ ಛಾಯೆಯ ಸುಣ್ಣಕಲ್ಲಿನಿಂದ ನಿರ್ಮಿತವಾದ ಈ ಗೋಪುರದ ಶಿಲ್ಪಿ ವಿಲಿಯಂ ಬಾಯಿಂಗ್ಟನ್. ಹೊರಗೆ ಕೋಟೆಯ ಬುರುಜುಗಳ ಆಡಂಬರ. ಒಳಗೆ ನೆಟ್ಟಗೆ ನಿಲ್ಲಿಸಿದ 138 ಅಡಿಯ ಕೊಳವೆ. ಎದುರಿನ ಪಂಪುಮನೆಯ ಉಗಿಯಂತ್ರಗಳು ಸರೋವರದ ನೀರನ್ನು ಬಡಿಬಡಿದು ತಳ್ಳುತ್ತಿದ್ದವು. ಆ ಬಡಿತದ ವೇಗವು ಕೊಳವೆಯಲ್ಲಿ ನೀರು ಏರಿಳಿಯುವುದರಲ್ಲಿಯೇ ಶಮನಗೊಂಡು, ಮನೆಮನೆಗೆ ನೀರು ಸಮನಾಗಿ ಹರಿಯುತ್ತಿತ್ತು.

1871ರ ಅಕ್ಟೋಬರ್ 8ರ ರಾತ್ರಿ ಹೊತ್ತಿದ ಬೆಂಕಿ ಸುಮಾರು 300 ಜನರನ್ನು ಬಲಿ ತೆಗೆದುಕೊಂಡಿತು. ಒಂದು ಲಕ್ಷ ಜನ ನಿರ್ಗತಿಕರಾದರು. ಪಂಪುಮನೆಯ ಮಾಡು ಸುಟ್ಟು ಯಂತ್ರಗಳು ನಿಂತವು. ಬೆಂಕಿಗೆ ಸುರಿಯಲು ನೀರೇ ಇಲ್ಲವಾಯಿತು. ನಗರವನ್ನು ಉಳಿಸಲಾರದ ಗೋಪುರ ತಾನು ಮಾತ್ರ ಉಳಿಯಿತು. ಆದರೂ ಜನ ಅದನ್ನು ದೂಷಿಸಲಿಲ್ಲ. ಅಳಿದ ಊರಿನ ಗುರುತೆಂದು ಆದರಿಸಿದರು.

ಎಲ್ಲರೂ ಮೆಚ್ಚಿದರೆಂದಲ್ಲ. 1882ರಲ್ಲಿ ಬಂದ ಆಸ್ಕರ್ ವೈಲ್ಡ್, ಮೈತುಂಬ ಮೆಣಸಿನ ಡಬ್ಬಿಗಳನ್ನು ಅಂಟಿಸಿಕೊಂಡ ವಿಕಾರವೆಂದು ಹಾಸ್ಯಮಾಡಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸ ಯಂತ್ರಗಳು ಬಂದು ಕೊಳವೆ ನಿರುಪಯುಕ್ತವಾಯಿತು, ಅದನ್ನು ತೆಗೆದುಹಾಕಿದರು. ರಸ್ತೆಯನ್ನು ಅಗಲಿಸುವ ಕಾಲಕ್ಕೆ ಗೋಪುರವನ್ನೇ ಕೆಡವುವ ಮಾತೆದ್ದಿತು. ಚೆಲುವಿನ ವಿಷಯದಲ್ಲಿ ಒಮ್ಮತವಿಲ್ಲ, ಪ್ರಯೋಜನವಂತೂ ತೀರಿತ್ತು. ಅದನ್ನು ಕಾಪಾಡಿದ್ದು ಬೆಂಕಿಯ ನೆನಪು.

ಆದರೆ ಬರಿಯ ನೆನಪಿಗಾಗಿ ನಿಂತ ಕಟ್ಟಡಕ್ಕೆ ಬೀಗ ಬೀಳಲು ತಡವಾಗದು. ಷಿಕಾಗೋದವರು ಬಾಗಿಲು ತೆರೆದರು. ಕೊಳವೆಯಿದ್ದ ಗೋಪುರದ ತಳದಲ್ಲಿ ಛಾಯಾಚಿತ್ರಶಾಲೆಯೊಂದು ರೂಪುಗೊಂಡಿತು. ಊರಿನ ಕಲಾವಿದರ ಚಿತ್ರಗಳನ್ನು ಅಲ್ಲಿ ಹಣ ಕೊಡದೆ ನೋಡಬಹುದು. ಎದುರಿನ ಪಂಪುಮನೆಯ ಒಂದು ಭಾಗ 2003ರಲ್ಲಿ ನಾಟಕಶಾಲೆಯಾಯಿತು. ಸೋಜಿಗವೆಂದರೆ ಅದೇ ಕಟ್ಟಡದಲ್ಲಿ ನಗರಕ್ಕೆ ನೀರೊದಗಿಸುವ ಪಂಪುಗಳು ಈಗಲೂ ನಡೆಯುತ್ತಿವೆ. ಗೋಡೆಯ ಈಚೆ ನಟರ ದನಿ, ಆಚೆ ಯಂತ್ರಗಳ ಮೊರೆತ.

ಕೆಲಸ ಮುಗಿದ ಹಳೆಯ ಕಟ್ಟಡವನ್ನು ಕೆಡವುವುದು, ಇಲ್ಲವೇ ಬೇಲಿ ಹಾಕಿ ಫಲಕ ತೂಗುವುದು, ಈ ಎರಡನ್ನೇ ಬಲ್ಲ ಊರುಗಳು ಇಲ್ಲಿಗೆ ಬಂದು ನೋಡಬೇಕು.