ಮಾರ್ಪೆತ್‌ಗೆ ಹೋಗಿ ಬಂದೆ

ನ್ಯೂಕ್ಯಾಸಲ್, ರಾತ್ರಿ ಎರಡೂವರೆ

ಪ್ರೀತಿಯ ಪುಟ್ಟಿ,

ನಿದ್ದೆ ಹತ್ತಲಿಲ್ಲ, ಎದ್ದು ಕೂತೆ. ಮಂಡಿನೋವು ಕಡಿಮೆ, ಎರಡು ಸ್ವೆಟರ್ ಹಾಕ್ತೀನಿ, ಯೋಚನೆ ಮಾಡಬೇಡ. ನಿನ್ನಕ್ಕ ಇವತ್ತು ಒಬ್ಬಳೇ ರೈಲು ಹತ್ತಿ ಮಾರ್ಪೆತ್‌ಗೆ ಹೋಗಿ ಬಂದಳು! ಅಳಿಯಂದಿರಿಗೆ ಇನ್ನೂ ನಂಬಿಕೆಯಿಲ್ಲ.

ಎಮಿಲಿ ಡೇವಿಸನ್ ಸಮಾಧಿ ಇರೋದು ಅಲ್ಲೇ. ಹೆಂಗಸರಿಗೂ ಓಟು ಬೇಕೆಂದು ಹೋರಾಡಿ, 1913ರ ಡರ್ಬಿ ಕುದುರೆ ರೇಸಿನಲ್ಲಿ ರಾಜನ ಕುದುರೆಗೆ ಅಡ್ಡ ಹೋಗಿ, ನಾಲ್ಕು ದಿನಕ್ಕೆ ತೀರಿಕೊಂಡವಳು. ಚರ್ಚಿನ ಅಂಗಳ, ಬಿಳಿ ಕಲ್ಲು. ನೋಡಿದೆ, ಕೈಮುಗಿದೆ.

ಸಂಕಟ ಏನಂದ್ರೆ, ಬುತ್ತಿ ರೈಲಲ್ಲೇ ಬಿಟ್ಟಿದ್ದೆ. ಚಿತ್ರಾನ್ನ, ನೀನು ಕಳಿಸಿದ ಮಿಡಿ ಉಪ್ಪಿನಕಾಯಿ, ಅದೂ ಅಮ್ಮನ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿ! ಅಮ್ಮನಿಗೆ ಹೇಳಬೇಡ. ಹಸಿದು ಕಾರ್ಲೈಲ್ ಪಾರ್ಕಿನಲ್ಲಿ ಎಮಿಲಿಯ ಪ್ರತಿಮೆ ಎದುರು ಕೂತರೆ, ಆ ಮಹಾರಾಯ್ತಿ ಬಟ್ಟಲಲ್ಲಿದ್ದ ಊಟ ನೆಲಕ್ಕೆ ಸುರೀತಿದ್ದಾಳೆ.

ಪಕ್ಕದ ಬೆಂಚಿನ ಅಜ್ಜಿ ನನ್ನ ಮುಖ ನೋಡಿಯೇ ಫ್ಲಾಸ್ಕಿನ ಟೀ ಬಗ್ಗಿಸಿದರು. ಬನ್ನು ಕೊಟ್ಟಾಗ ಮೊಟ್ಟೆ ಹಾಕಿದೆಯಾ ಅಂತ ಕೇಳಿಬಿಟ್ಟೆ, ನಾಚಿಕೆಗೇಡು. ಬೇಜಾರು ಮಾಡದೆ ಚೀಲ ತಡಕಿ ಬಾಳೆಹಣ್ಣು ಕೊಟ್ಟರು, ಸಿಪ್ಪೆಯನ್ನೂ ಅವರೇ ಇಸಕೊಂಡರು. ಕತೆ ಹೇಳಿದ್ದೂ ಅವರೇ. ಜೈಲಲ್ಲಿ ಎಮಿಲಿ ಊಟ ಬಿಟ್ಟರೆ ಕೈಕಾಲು ಅದುಮಿ, ಕೊಳವೆ ತುರುಕಿ ಗಂಜಿ ಹೊಯ್ಯುತ್ತಿದ್ದರಂತೆ. 49 ಸಲ! ಒಮ್ಮೆ ಮ್ಯಾಂಚೆಸ್ಟರ್ ಜೈಲಲ್ಲಿ ಬಾಗಿಲಿಗೆ ಮಂಚ ಅಡ್ಡವಿಟ್ಟಿದ್ದಕ್ಕೆ ಕಿಟಕಿಯಿಂದ ಪೈಪಿನಲ್ಲಿ ತಣ್ಣೀರು ಬಿಟ್ಟರಂತೆ. ಕೇಸು ಹಾಕಿ 40 ಶಿಲ್ಲಿಂಗ್ ಪರಿಹಾರ ಗೆದ್ದಳು. ಗಂಡಸರ ಸಮಕ್ಕೆ ಓಟು ಸಿಕ್ಕಿದ್ದು ಮಾತ್ರ 1928ಕ್ಕೆ.

ಹಾಂ, ಓಟರ್ ಲಿಸ್ಟಿನವರು ಮನೆಗೆ ಬಂದರೆ ‘ಅಕ್ಕ ಊರಲ್ಲಿಲ್ಲ’ ಅಂದು ನನ್ನ ಹೆಸರು ಹೊಡೆಸಿಬಿಟ್ಟೀಯ. ಬರ್ತಾಳೆ ಅನ್ನು. ತುಳಸಿಗೆ ನೀರು ಹಾಕ್ತಿದ್ದೀಯ ತಾನೆ?

ಅಮ್ಮನೂ ಅಪ್ಪನ ಮೇಲೆ ಸಿಟ್ಟು ಬಂದಾಗ ಊಟ ಬಿಡ್ತಿದ್ದಳು, ನೆನಪಿದೆಯಾ? ಕೇಳಿದರೆ ಏಕಾದಶಿ. ನಮ್ಮನೇಲಿ ತಿಂಗಳಿಗೆ ನಾಲ್ಕು ಏಕಾದಶಿ ಬರ್ತಿತ್ತು. ಈಗ ಮತ್ತೆ ತಟ್ಟೆ ಸರಿಸ್ತಾಳೆ, ಮಗೂಗೆ ತುರುಕಿದ ಹಾಗೆ ತುರುಕಿದೆ ಅಂತ ಫೋನಲ್ಲಿ ಹೇಳಿದೆಯಲ್ಲ. ಮೊನ್ನೆ ನಕ್ಕಿದ್ದೆ. ನಿನ್ನ ಕಷ್ಟ ಗೊತ್ತು ಪುಟ್ಟಿ, ಬಯ್ತಿಲ್ಲ. ಯಾಕೆ ಬೇಡ ಅಂತಾಳೋ, ಪಕ್ಕದಲ್ಲಿ ಕೂತು ಒಂದು ಸಲ ಕೇಳಿ ನೋಡು. ನಾನು ಹೊರಟ ದಿನ ಬಾಗಿಲ ಹತ್ತಿರ ನನ್ನ ಕೈ ಹಿಡಕೊಂಡು ಏನೋ ಹೇಳೋಕೆ ಬಂದಳು, ಟ್ಯಾಕ್ಸಿಯವನು ಹಾರನ್ ಹೊಡೆದ, ನಾನೂ ಅವಸರದಲ್ಲಿ