ನಮ್ಮ ಶಾಲೆಯ ರಾವಣ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು ಕೇಳಿಕೊಂಡರು. ಶಾಲೆಯ ಕಟ್ಟಡ, ಪರೀಕ್ಷೆಯ ಫಲಿತಾಂಶ, ದಾನಿಗಳ ಔದಾರ್ಯ ಇವುಗಳನ್ನು ಕುರಿತು ಬರೆಯುವವರು ಅನೇಕರಿದ್ದಾರೆ, ನಾನು ಬೇರೆ ಏನನ್ನಾದರೂ ಬರೆಯುತ್ತೇನೆ ಎಂದೆ. ಏನು ಬರೆಯಬೇಕೆಂಬುದು ಆಗ ನನಗೂ ಹೊಳೆದಿರಲಿಲ್ಲ. ಅದನ್ನು ಹೊಳೆಯಿಸಿದವನು ಹನ್ನೊಂದು ವರ್ಷದ ನನ್ನ ಮೊಮ್ಮಗ.

ಪುಣೆಯಲ್ಲಿರುವ ಮಗನ ಸಂಸಾರ ಸಂಕ್ರಾಂತಿಗೆ ಸೊಲ್ಲಾಪುರಕ್ಕೆ ಬಂದಿತ್ತು. ಸಿದ್ಧರಾಮೇಶ್ವರರ ಗಡ್ಡದ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುವುದನ್ನೂ, ಬಿಳಿಯ ಬಾರಾಬಂದಿ ತೊಟ್ಟ ಭಕ್ತರ ಸಾಲನ್ನೂ ಮೊಮ್ಮಗನಿಗೆ ತೋರಿಸಿ, ಹೋಮ ಮೈದಾನದ ಅಂಗಡಿಗಳ ಕಡೆಗೆ ಕರೆದೊಯ್ದೆ. ಮುಖವಾಡದ ಅಂಗಡಿಯೊಂದರಲ್ಲಿ ಹನುಮಂತ, ಹುಲಿ, ಭೀಮ ಇವರ ನಡುವೆ ಒಂದು ವಿಚಿತ್ರ ಮುಖ ತೂಗಾಡುತ್ತಿತ್ತು. ಬಿಳಿಯ ಚರ್ಮ, ಹಸಿರು ಕೂದಲು, ಕಿವಿಯವರೆಗೆ ಹರಿದ ಕೆಂಪು ತುಟಿ. ಹುಡುಗ ಅದನ್ನು ಬಿಟ್ಟು ಕದಲಲಿಲ್ಲ. ಅದು ಜೋಕರ್ ಅಂತೆ, ಬ್ಯಾಟ್‌ಮನ್ ಎಂಬ ಚಿತ್ರಕಥೆಯ ಖಳನಾಯಕ.

ಮನೆಗೆ ಬಂದ ಮೇಲೆ ಮೊಬೈಲಿನಲ್ಲಿ ಇನ್ನೊಂದು ಲೋಕವನ್ನೇ ತೆರೆದು ತೋರಿಸಿದ. ಆ ಖಳನ ಗೊಂಬೆಗಳನ್ನು ಸಂಗ್ರಹಿಸುವವರು ದೇಶವಿದೇಶಗಳಲ್ಲಿ ಇದ್ದಾರೆ. ಹಾಂಗ್‌ಕಾಂಗಿನ ಹಾಟ್ ಟಾಯ್ಸ್ ಎಂಬ ಕಂಪನಿ ಸುಮಾರು ಒಂದು ಅಡಿ ಎತ್ತರದ ಗೊಂಬೆಗಳನ್ನು ಮಾಡುತ್ತದೆ. ನಿಜವಾದ ಬಟ್ಟೆಯಲ್ಲಿ ಹೊಲಿದ ನೇರಳೆ ಕೋಟು, ಕಳಚಿ ಬದಲಿಸಬಹುದಾದ ಕೈಗಳು, ಕೈಯಲ್ಲಿ ಇಸ್ಪೀಟು ಎಲೆ. ಗೊಂಬೆ ತಯಾರಾಗಿ ಬರುವುದಕ್ಕೆ ಎಷ್ಟೋ ತಿಂಗಳು ಮೊದಲೇ ಚಿತ್ರ ಪ್ರಕಟಿಸುತ್ತಾರೆ, ಜನ ಮುಂಗಡ ಹಣ ಕಟ್ಟಿ ಕಾಯುತ್ತಾರೆ. ಒಂದೊಂದರ ಬೆಲೆ ಇಪ್ಪತ್ತು ಸಾವಿರ ರೂಪಾಯಿ ದಾಟುತ್ತದೆಂದು ಕೇಳಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ನಾನು ಸೇವೆಗೆ ಸೇರಿದ ಕಾಲದ ಎಷ್ಟೋ ವರ್ಷಗಳ ಪಗಾರವದು! 2011ರಲ್ಲಿ ದೆಹಲಿಯಲ್ಲಿ ಇಂಥ ಚಿತ್ರಕಥೆಗಳ ಜಾತ್ರೆಯೇ ಪ್ರಾರಂಭವಾಗಿದೆಯಂತೆ. ಕಾಮಿಕ್ ಕಾನ್ ಎಂಬ ಆ ಜಾತ್ರೆಗೆ ತರುಣರು ಮೆಚ್ಚಿದ ಪಾತ್ರದ ವೇಷ ಧರಿಸಿ ಬರುತ್ತಾರೆ. ಅನೇಕರು ಆ ವೇಷವನ್ನು ಸ್ವಂತ ಕೈಯಿಂದ ತಯಾರಿಸುತ್ತಾರೆ.

“ಇಷ್ಟು ಮಂದಿ ದೇವರು, ಇಷ್ಟು ಮಂದಿ ಶೂರರು ಇರುವಾಗ ದುಷ್ಟನ ಸೋಗು ಯಾಕೋ ಬೇಕು ನಿನಗ?” ಎಂದು ಗದರಿಸಿದೆ.

“ಅಜ್ಜಾ, ಬ್ಯಾಟ್‌ಮನ್ ಯಾವಾಗ್ಲೂ ಮಾರಿ ಗಂಟ್ ಹಾಕ್ಕೊಂಡು ನಿಂತಿರ್ತಾನ. ನಗೂದು, ಕುಣಿಯೂದು, ಒದರೂದು ಎಲ್ಲಾ ಜೋಕರಂದ. ಅವನ ಡ್ರೆಸ್ಸೂ ಛಂದ” ಎಂದ.

ನಾನು ನಿರುತ್ತರನಾದೆ. ಹುಡುಗನ ಮಾತು ಸುಳ್ಳಲ್ಲ. ನಮ್ಮ ಸೀಮೆಯ ದೊಡ್ಡಾಟದಲ್ಲಿ, ಹಗುರವಾದ ಕಟ್ಟಿಗೆಯಲ್ಲಿ ಕೊರೆದು ಬೇಗಡೆ, ಕನ್ನಡಿ ಚೂರು ಅಂಟಿಸಿದ ಕಿರೀಟ, ಭುಜಕೀರ್ತಿ ತೊಟ್ಟು ರಕ್ಕಸ ರಂಗದ ಮೇಲೆ ಬಂದಾಗಲೇ ನಿದ್ರೆ ಹೋದ ಮಕ್ಕಳು ಎದ್ದು ಕೂಡುತ್ತಿದ್ದವು. ಕರಾವಳಿಯ ಯಕ್ಷಗಾನದಲ್ಲಿ ರಾಕ್ಷಸ ಪಾತ್ರದ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಕಾವ್ಯದಲ್ಲಿಯೂ ಹಾಗೆಯೇ. ಮುಧೋಳದ ರನ್ನ ತನ್ನ ಗದಾಯುದ್ಧದಲ್ಲಿ ಭೀಮನನ್ನು ನಾಯಕನೆಂದು ಕರೆದರೂ ಓದುಗನ ಕಣ್ಣೀರನ್ನು ದುರ್ಯೋಧನನಿಗೆ ದೊರಕಿಸಿಕೊಟ್ಟ. ನಾಗಚಂದ್ರನ ರಾಮಾಯಣದ ರಾವಣ ವ್ರತನಿಷ್ಠನಾಗಿದ್ದು ಒಂದು ಮೋಹದಿಂದ ಕೆಟ್ಟ ದೊಡ್ಡ ಮನುಷ್ಯ. ಡಾ. ರಾಜಕುಮಾರ್ ಅವರು 1958ರ ‘ಭೂಕೈಲಾಸ’ದಲ್ಲಿ ರಾವಣನಾದರು, 1959ರಲ್ಲಿ ಮಹಿಷಾಸುರನಾದರು, ಕೀರ್ತಿಯ ಶಿಖರದಲ್ಲಿದ್ದಾಗ 1983ರಲ್ಲಿ ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪುವಾದರು. ಖಳನ ವೇಷದಲ್ಲಿ ಕೀಳೇನೂ ಇಲ್ಲ. ಇದೆಲ್ಲ ತಿಳಿದಿದ್ದ ನಾನೇ ಆ ವೇಷದಿಂದ ಒಂದು ಮಗುವಿಗೆ ಅನ್ಯಾಯ ಮಾಡಿದ್ದೇನೆ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ನಮ್ಮ ಶಾಲೆಯ ಸ್ನೇಹಸಮ್ಮೇಳನ, ಮಕ್ಕಳ ಬಾಯಲ್ಲಿ ‘ಗ್ಯಾದರಿಂಗ್’, ತಮಗೆಲ್ಲ ನೆನಪಿರಬೇಕು. ವೇಷಭೂಷಣಗಳನ್ನು ಸೊಲ್ಲಾಪುರದ ಅಂಗಡಿಯಿಂದ ಬಾಡಿಗೆಗೆ ತರುವಷ್ಟು ದುಡ್ಡು ಆಗ ಇರಲಿಲ್ಲ. ರಟ್ಟು ಕತ್ತರಿಸಿ ಬೇಗಡೆ ಅಂಟಿಸಿದರೆ ಕಿರೀಟ. ಬಿದಿರು ಕೋಲಿನ ತುದಿಗೆ ಚಿಂದಿ ಸುತ್ತಿ ಬಣ್ಣ ಬಳಿದರೆ ಗದೆ. ಸೆಣಬಿನ ನಾರು ಗಡ್ಡವಾಗುತ್ತಿತ್ತು, ದೀಪದ ಕಾಡಿಗೆ ಮೀಸೆಯಾಗುತ್ತಿತ್ತು. ಹಳೆಯ ಸೊಲ್ಲಾಪುರ ಚಾದರವೊಂದು ಎಷ್ಟು ಮಂದಿ ಅಸುರರ ಬೆನ್ನ ಮೇಲೆ ಹಾರಾಡಿದೆಯೋ ಲೆಕ್ಕವಿಲ್ಲ.

1988ರ ಜನವರಿ. ರಾಮಾನಂದ ಸಾಗರರ ರಾಮಾಯಣ ದೂರದರ್ಶನದಲ್ಲಿ ಬರುತ್ತಿದ್ದ ಕಾಲ. ಭಾನುವಾರ ಬೆಳಿಗ್ಗೆ ಅಕ್ಕಲಕೋಟೆಯ ಓಣಿಗಳು ಬರಿದಾಗುತ್ತಿದ್ದವು. ಅರವಿಂದ ತ್ರಿವೇದಿಯವರ ರಾವಣನನ್ನು ಕಂಡ ಮಕ್ಕಳು ನಮ್ಮ ಗ್ಯಾದರಿಂಗಿನಲ್ಲಿಯೂ ಅಂಥ ರಾವಣನೇ ಬೇಕೆಂದರು. ನಾನು ಆಗ ಸಹಶಿಕ್ಷಕ, ನಾಟಕದ ಹೊಣೆ ನನ್ನದು. ರಾವಣ ಯಾರೆಂಬ ಪ್ರಶ್ನೆಯೇ ಏಳಲಿಲ್ಲ. ಏಳನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಎತ್ತರದ ಆಳು, ಕಪ್ಪು ಮೈಬಣ್ಣ, ಹಳ್ಳದಾಚೆ ಕೇಳುವ ಕಂಠ. ತಂದೆ ಸೊಲ್ಲಾಪುರದ ಗಿರಣಿಯೊಂದರಲ್ಲಿ ಕೂಲಿ. ಐದನೆಯ ಇಯತ್ತೆಯಲ್ಲಿ ಅವನನ್ನು ಬಕಾಸುರನನ್ನಾಗಿ ಮಾಡಿದ್ದೆ, ಆರನೆಯದರಲ್ಲಿ ಕಂಸನನ್ನಾಗಿ. ಈ ಸಲ ರಾವಣ. ರಾಮನ ಪಾತ್ರ ಬೆಳ್ಳಗಿದ್ದ, ಇಸ್ತ್ರಿ ಅಂಗಿ ತೊಡುತ್ತಿದ್ದ ಹುಡುಗನಿಗೆ. ಅದೂ ಪ್ರತಿ ವರ್ಷದ ಪದ್ಧತಿಯೇ.

ತಾಲೀಮು ಪ್ರಾರಂಭವಾದ ದಿನ ಆ ಹುಡುಗ ನನ್ನ ಮೇಜಿನ ಹತ್ತಿರ ಬಂದು ನಿಂತ. “ಸರ್, ಪ್ರತಿ ವರ್ಷ ನಾನ ಯಾಕ್ರಿ ರಾಕ್ಷಸ ಆಗಬೇಕು? ಈ ಸರ್ತಿ ಒಂದು ಸಲ ನನ್ನ ರಾಮ ಮಾಡ್ರಿ” ಎಂದ.

“ರಾಮನ ಮಾರಿ ಎಲ್ಲಿಂದ ತರೂದೋ ನಿನಗ?” ಎಂದೆ. ಹತ್ತಿರವಿದ್ದ ಶಿಕ್ಷಕರು ನಕ್ಕರು. ತರಗತಿಯೂ ನಕ್ಕಿತು. ಹುಡುಗ ತಾನೂ ನಕ್ಕು ಹೋಗಿ ಕುಳಿತ.

ನಾಟಕದ ರಾತ್ರಿ ಅವನ ಅಭಿನಯ ಕಂಡವರು ಇಂದಿಗೂ ಮರೆತಿರಲಾರರು. ರಟ್ಟಿನ ಒಂಬತ್ತು ತಲೆಗಳ ಭಾರದಿಂದ ಕುತ್ತಿಗೆ ಬಾಗುತ್ತಿದ್ದರೂ ಒಂದು ಮಾತೂ ತಪ್ಪಲಿಲ್ಲ. ಊರ ಹಿರಿಯರು ಐದು ರೂಪಾಯಿಯ ನೋಟನ್ನು ಅವನ ಎದೆಗೆ ಪಿನ್ನಿನಿಂದ ಚುಚ್ಚಿದರು. ಆಟ ಮುಗಿದ ಮೇಲೆ ಉಳಿದ ಮಕ್ಕಳು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದಾಗ ಅವನು ಬಣ್ಣದ ಮುಖದಲ್ಲಿಯೇ ಮನೆಗೆ ಹೊರಟ. ತೊಳೆದುಕೊಂಡು ಹೋಗೆಂದು ನಾನು ಕೂಗಿದೆ. “ಇರಲಿ ಬಿಡ್ರಿ ಸರ್, ತೊಳೆದ್ರೂ ಇದ ಮಾರಿ” ಎಂದು ಕತ್ತಲಲ್ಲಿ ನಡೆದುಬಿಟ್ಟ. ಅದನ್ನು ಹುಡುಗನ ಚೇಷ್ಟೆಯೆಂದು ನಾನು ಬಗೆದೆ. ಜೂನ್ ತಿಂಗಳಲ್ಲಿ ಅವನು ಎಂಟನೆಯ ಇಯತ್ತೆಗೆ ಬರಲಿಲ್ಲ. ಮಗ್ಗಕ್ಕೆ ಹೋದನೆಂದು ಕೇಳಿದೆ.

2001ರಲ್ಲಿ ನಾನು ಮುಖ್ಯಾಧ್ಯಾಪಕನಾಗಿದ್ದಾಗ, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಎದ್ದು ನನಗೆ ಸ್ಥಳ ಬಿಟ್ಟುಕೊಟ್ಟ. “ಗುರುತು ಸಿಗಲಿಲ್ಲೇನ್ರಿ ಸರ್? ನಾ ನಿಮ್ಮ ರಾವಣ ಅಲ್ರಿ” ಎಂದ. ಮುಖ ತಕ್ಷಣ ನೆನಪಾಯಿತು. ಹೆಸರು ನೆನಪಾಗಲಿಲ್ಲ. ದಾರಿಯುದ್ದಕ್ಕೂ ಅವನು ಹೆಂಡತಿ, ಮಕ್ಕಳು, ಮಗ್ಗದ ಕಷ್ಟ ಇವನ್ನೆಲ್ಲ ಹೇಳಿದ. ನನ್ನ ಮೇಲೆ ಒಂದು ದೂರಿನ ಮಾತಾಡಲಿಲ್ಲ. ನಾನು ಮಾತ್ರ ಅವನ ಹೆಸರಿಗಾಗಿ ಒಳಗೊಳಗೇ ತಡಕಾಡುತ್ತಿದ್ದೆ. ಕೇಳುವ ಧೈರ್ಯವಾಗಲಿಲ್ಲ. ಇಳಿಯುವಾಗ ಅವನು ಕಾಲು ಮುಟ್ಟಿ ನಮಸ್ಕರಿಸಿದ. ಮರುದಿನ ಶಾಲೆಗೆ ಹೋದವನೇ ಹಳೆಯ ಜನರಲ್ ರಜಿಸ್ಟರ್ ತೆಗೆಸಿ ಅವನ ಹೆಸರನ್ನು ಹುಡುಕಿದೆ. ಎಷ್ಟು ಮುದ್ದಾದ ಹೆಸರು! ಮೂರು ವರ್ಷ ನನ್ನ ಕಣ್ಣೆದುರು ಕುಳಿತ ಹುಡುಗನನ್ನು ನಾನು ಒಮ್ಮೆಯೂ ಆ ಹೆಸರಿನಿಂದ ಕರೆದ ನೆನಪಿರಲಿಲ್ಲ.

ಆ ವರ್ಷದಿಂದ ಗ್ಯಾದರಿಂಗಿನಲ್ಲಿ ಪಾತ್ರ ಹಂಚುವ ಪದ್ಧತಿಯನ್ನು ಬದಲಿಸಿದೆ. ಯಾರಿಗೆ ಯಾವ ಪಾತ್ರ ಬೇಕೆಂದು ಮಕ್ಕಳೇ ಹೇಳಬೇಕು, ಒಂದಕ್ಕೆ ಹೆಚ್ಚು ಮಂದಿ ಬಂದರೆ ಚೀಟಿ ಎತ್ತಬೇಕು. ಫಲವೇನಾಯಿತು ಗೊತ್ತೆ? ಅರ್ಧ ತರಗತಿ ರಾಕ್ಷಸ ಪಾತ್ರಕ್ಕೇ ಕೈ ಎತ್ತಿತು! ಚೀಟಿಯಲ್ಲಿ ಗೆದ್ದವನು ನಮ್ಮ ತರಗತಿಯ ಅತ್ಯಂತ ಸೌಮ್ಯ ಸ್ವಭಾವದ ಹುಡುಗ. ಅವನ ಗರ್ಜನೆ ಕೇಳಿ ಅವನ ತಾಯಿಯೇ ಬೆರಗಾದಳು. ಮರುದಿನ ಅವನನ್ನು ಯಾರೂ ರಾಕ್ಷಸನೆಂದು ಕರೆಯಲಿಲ್ಲ. ಬೇಡಿ ಪಡೆದ ವೇಷ ಬಣ್ಣದೊಂದಿಗೆ ತೊಳೆದುಹೋಗಿತ್ತು.

ಈಗ ಮತ್ತೆ ಮೊಮ್ಮಗನ ಜೋಕರಿನ ಕಡೆಗೆ ಬರುತ್ತೇನೆ. ಇವನು ಎಲ್ಲಿಂದ ಬಂದನೆಂದು ಕೇಳಿದೆ. ಹುಡುಗ ಹುಡುಕಿ ಓದಿ ಹೇಳಿದ. 1940ರಲ್ಲಿ ಅಮೆರಿಕದ ‘ಬ್ಯಾಟ್‌ಮನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅವನ ಜನನ. ಆ ಸಂಚಿಕೆಯಲ್ಲಿಯೇ ಅವನನ್ನು ಸಾಯಿಸಬೇಕೆಂದಿದ್ದರಂತೆ. ಸಂಪಾದಕರು ಕೊನೆಗೆ ಒಂದು ಚಿತ್ರ ಸೇರಿಸಿ ಬದುಕಿಸಿದರು. ಅವನ ಪಾತ್ರ ಮಾಡಿದ ಇಬ್ಬರು ನಟರಿಗೆ, 2009ರಲ್ಲಿ ಮತ್ತು 2020ರಲ್ಲಿ, ಆಸ್ಕರ್ ಪ್ರಶಸ್ತಿ ಬಂದಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮುಖದ ಮೂಲ. 1928ರ ಒಂದು ಮೂಕಿ ಚಿತ್ರದಲ್ಲಿ ಕಾನ್ರಾಡ್ ಫೈಟ್ ಎಂಬ ನಟ ಧರಿಸಿದ್ದ ನಗೆಯ ಮುಖವನ್ನು ನೋಡಿ ಜೋಕರನ ಮುಖ ಬರೆದರಂತೆ. ಆ ಚಿತ್ರಕ್ಕೆ ಆಧಾರ ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೋ 1869ರಲ್ಲಿ ಬರೆದ ಕಾದಂಬರಿ. ಅದರ ನಾಯಕ ದುಷ್ಟನಲ್ಲ, ಪಾಪದ ಮನುಷ್ಯ. ಎಳೆಯ ವಯಸ್ಸಿನಲ್ಲಿಯೇ ಅವನ ಮುಖವನ್ನು ಯಾರೋ ಕೊಯ್ದು ಸದಾ ಹಲ್ಲು ಕಿರಿದಂತೆ ಮಾಡಿಬಿಟ್ಟಿರುತ್ತಾರೆ. ಅಳುವಾಗಲೂ ಅವನು ನಗುವಂತೆಯೇ ಕಾಣುತ್ತಾನೆ.

ಇದನ್ನು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ಮಾತಿಗೆ ತಾನೂ ನಕ್ಕು ಹೋಗಿ ಕುಳಿತ ಹುಡುಗನ ಮುಖ ಕಣ್ಣ ಮುಂದೆ ನಿಂತಿತು. ಮಗು ತಾನಾಗಿ ಹಾಕಿಕೊಂಡ ಸೋಗು ಆಟ. ದೊಡ್ಡವರು ಹಾಕಿದ ಸೋಗು ಹಣೆಬರಹ.

ಮೊಮ್ಮಗನಿಗೆ ಇಪ್ಪತ್ತು ಸಾವಿರದ ಗೊಂಬೆ ಕೊಡಿಸಲಿಲ್ಲ. ಅವನ ಅಜ್ಜಿಯ ನೇರಳೆ ಬಣ್ಣದ ಹಳೆಯ ಸೀರೆಯಿಂದ ಓಣಿಯ ದರ್ಜಿಯ ಹತ್ತಿರ ಒಂದು ಕೋಟು ಹೊಲಿಸಿದೆ. ರಟ್ಟಿನ ಮೇಲೆ ಸೆಣಬಿನ ನಾರು ಅಂಟಿಸಿ ಹಸಿರು ಬಣ್ಣ ಹಚ್ಚುವಾಗ ಕೈಗೆ ಹಳೆಯ ಕಸುಬು ನೆನಪಿತ್ತು. ಹುಡುಗ ಅಂಗಳದ ತುಂಬ ಕುಣಿದ, ಒದರಿದ, ಅಜ್ಜಿಯನ್ನು ಹೆದರಿಸಿದ. ಸಂಜೆ ತಾನೇ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮುಖ ತೊಳೆದು ಊಟಕ್ಕೆ ಕುಳಿತ. ಆ ಸ್ವಚ್ಛವಾದ ಮುಖವನ್ನು ನೋಡುತ್ತ ನಾನು ಬಹಳ ಹೊತ್ತು ಸುಮ್ಮನಿದ್ದೆ.

ಇಂದು ಪಾಠ ಮಾಡುತ್ತಿರುವ ನನ್ನ ಕಿರಿಯ ಬಂಧುಗಳಿಗೆ ಒಂದೇ ವಿನಂತಿ. ಮಕ್ಕಳು ಯಾವ ಖಳನ ವೇಷವನ್ನಾದರೂ ಬೇಡಲಿ, ಸಂತೋಷದಿಂದ ಕೊಡಿರಿ. ಮುಖದ ಬಣ್ಣ ನೋಡಿ, ಮನೆಯ ಬಡತನ ನೋಡಿ ನೀವಾಗಿ ಯಾರಿಗೂ ಪಾತ್ರ ಹಂಚಬೇಡಿರಿ. ಆಟ ಮುಗಿದ ಮೇಲೆ ಪ್ರತಿಯೊಂದು ಮಗುವೂ ಮುಖ ತೊಳೆದುಕೊಂಡು ಮನೆಗೆ ಹೋಯಿತೇ ಎಂದು ನೋಡಿರಿ.

ಅವನ ಹೆಸರನ್ನು ಇಲ್ಲಿ ಬರೆದಿಲ್ಲ. ಬರೆದರೆ ಊರು ಮತ್ತೆ ಅವನನ್ನು ರಾವಣನೆಂದೇ ಕರೆದೀತು. ಆದರೆ ಈಗ ಅದು ನನಗೆ ಕಂಠಪಾಠವಾಗಿದೆ. ಸುವರ್ಣ ಮಹೋತ್ಸವದ ದಿನ ನಾನು ಬೆಳಿಗ್ಗೆಯಿಂದಲೇ ಶಾಲೆಯ ಬಾಗಿಲಲ್ಲಿ ನಿಂತಿರುತ್ತೇನೆ. ಅಪ್ಪಾ, ಈ ಸಂಚಿಕೆ ನಿನ್ನ ಕೈಗೆ ಬಂದರೆ ಮಕ್ಕಳನ್ನು ಕರೆದುಕೊಂಡು ಬಾ. ಎಲ್ಲರೆದುರು ನಿನ್ನನ್ನು ನಿನ್ನ ಹೆಸರು ಹಿಡಿದು ಕರೆಯಬೇಕಾಗಿದೆ.